ಆಮೆಮರಿ ಯಾರದ್ದು?



*ಇಂದಿನ ಧಮ್ಮ ಚಿಂತನೆ*
(ಇವತ್ತಿನದು ಸ್ವಲ್ಪ ಉದ್ದವಿದೆ. ಬಿಡುವು ಮಾಡಿಕೊಂಡು ಓದಿ. ಮನೆಯ ಮಕ್ಕಳಿಗೂ ಓದಿ ಹೇಳಿ.)

ಧಮ್ಮಬಂಧುಗಳೇ,

ಕಳೆದ ಭಾನುವಾರ ತ್ರಿಸರಣ, ಪಂಚಶೀಲ, ಓದು ಎಲ್ಲ ಮುಗಿದು ಚಹಾ ಕುಡಿಯುವ ಹೊತ್ತಿಗೆ ನಮ್ಮ ಬಳಗದ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು. ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಅವಳ ಸೋದರಮಾವ ಒಂದು ಆಮೆಮರಿ ತಂದುಕೊಟ್ಟಿದ್ದಾನೆ. "ಮನೇಲಿ ಆಮೆ ಇದ್ರೆ ದುಡ್ಡು ನಿಲ್ಲುತ್ತೆ ಅಕ್ಕಾ" ಎಂದನಂತೆ. ದುಡ್ಡಿನ ಮಾತು ಆ ತಾಯಿಗೆ ಹಿಡಿಸಲಿಲ್ಲ. ಆದರೆ ಅಷ್ಟರಲ್ಲಿ ಮಗಳು ಅದಕ್ಕೆ ಹೆಸರೂ ಇಟ್ಟಾಗಿತ್ತು. "ನಾವು ಇವತ್ತಿನವರೆಗೆ ಒಂದು ಬೆಕ್ಕನ್ನೂ ಸಾಕಿದವರಲ್ಲ ಅಣ್ಣಾ. ಇದಕ್ಕೆ ಏನು ತಿನ್ನಿಸಬೇಕು? ಹಾಲನ್ನ ಇಟ್ಟರೆ ಮುಟ್ಟಲ್ಲ. ಎರಡು ದಿನದಿಂದ ತಲೆಯನ್ನೇ ಹೊರಗೆ ಹಾಕಿಲ್ಲ. ಏನಾದರೂ ಆದರೆ ಮಗಳಿಗೆ ಏನು ಹೇಳಲಿ?" ಎಂದರು. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಬೆಂಕಿಪೊಟ್ಟಣದಷ್ಟು ಉದ್ದವೂ ಇಲ್ಲದ ಜೀವ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿವೆ.

ಒಂದಿಬ್ಬರು ನಕ್ಕರು. ಧಮ್ಮದ ಓದಿಗೆ ಬಂದು ಆಮೆಯ ಊಟದ ವಿಚಾರವೇ ಅಂತ. ನನಗೆ ಹಾಗೆ ಅನ್ನಿಸಲಿಲ್ಲ. ಆ ತಾಯಿ ಕೇಳಿದ್ದು ಮೈತ್ರಿಯ ಪ್ರಶ್ನೆ. ನಾವು ದಿನವೂ ಬಾಯಲ್ಲಿ ಹೇಳುವ ಮಾತನ್ನು ಅವರು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಕೂತಿದ್ದರು.

ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಮೊದಲ ಕಾಂಡದಲ್ಲೇ ಒಂದು ಪ್ರಸಂಗ ಬರುತ್ತದೆ, ನೀವೆಲ್ಲ ಓದಿದ್ದೀರಿ. ದೇವದತ್ತ ಬಾಣ ಬಿಡುತ್ತಾನೆ, ಹಕ್ಕಿ ನೆಲಕ್ಕೆ ಬೀಳುತ್ತದೆ. ಬಾಲಕ ಸಿದ್ಧಾರ್ಥ ಓಡಿಹೋಗಿ ಬಾಣ ಕೀಳುತ್ತಾನೆ, ಗಾಯಕ್ಕೆ ಕಟ್ಟುತ್ತಾನೆ, ನೀರು ಕುಡಿಸುತ್ತಾನೆ, ಹೊದ್ದಿದ್ದ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬೆಚ್ಚಗಿಡುತ್ತಾನೆ. ಆಮೇಲೆ ಜಗಳ. ಹೊಡೆದವನು ನಾನು, ಆದ್ದರಿಂದ ಹಕ್ಕಿ ನನ್ನದು ಅಂತ ದೇವದತ್ತ. ಕಾಪಾಡಿದವನಿಗಷ್ಟೇ ಹಕ್ಕು ಅಂತ ಸಿದ್ಧಾರ್ಥ. ಪಂಚಾಯಿತಿಗೆ ಹೋಗುತ್ತದೆ. ತೀರ್ಪು ಸಿದ್ಧಾರ್ಥನ ಕಡೆಗೆ ಬರುತ್ತದೆ.

ಈ ಕಥೆ ಹೇಳುವಾಗ ನಾವು ಕರುಣೆಯ ಮಾತನ್ನು ಹೇಳಿ ನಿಲ್ಲಿಸುತ್ತೇವೆ. ನನಗೆ ಇದರಲ್ಲಿ ಇನ್ನೆರಡು ಸಂಗತಿ ಕಾಣುತ್ತವೆ. ಒಂದು, ಇದು ಒಡೆತನದ ಬಗ್ಗೆ ಬಂದ ತೀರ್ಪು. 'ನನ್ನದು' ಅನ್ನಲು ದುಡ್ಡು ಕೊಟ್ಟರೆ ಸಾಲದು, ಹಿಡಿದರೆ ಸಾಲದು, ಉಡುಗೊರೆಯಾಗಿ ಬಂದರೂ ಸಾಲದು. ಎರಡನೆಯದು, ಸಿದ್ಧಾರ್ಥ ಮಾಡಿದ ಕೆಲಸಗಳ ಕ್ರಮ. ಮೊದಲು ಬಾಣ ತೆಗೆದ. ಆಮೇಲೆ ಗಾಯ, ಆಮೇಲೆ ನೀರು, ಆಮೇಲೆ ಕಾವು. ಬಾಣ ಮೈಯಲ್ಲಿ ಇರುವಾಗಲೇ ಅಯ್ಯೋ ಪಾಪ ಅಂತ ತಲೆ ಸವರುತ್ತ ಕೂರಲಿಲ್ಲ. ಆ ಹಕ್ಕಿಗೆ ಆ ಹೊತ್ತಿಗೆ ಏನು ಬೇಕೋ ಅದನ್ನು ತಿಳಿದು ಮಾಡಿದ. ಬಾಬಾಸಾಹೇಬರು ಪ್ರಜ್ಞೆ, ಶೀಲ, ಕರುಣೆ ಎಂದು ಮೂರನ್ನೂ ಒಟ್ಟಿಗೆ ಹೇಳುವಾಗ ಪ್ರಜ್ಞೆಯನ್ನು ಮುಂದಿಟ್ಟದ್ದು ಸುಮ್ಮನೆ ಅಲ್ಲ.

ಹಾಗಾದರೆ ಆಮೆಮರಿಯನ್ನು ತಿಳಿಯುವುದು ಎಂದರೆ ಏನು?

ಮೊದಲು ಚಿಪ್ಪು. ಆಮೆ ತನ್ನ ಮನೆಯನ್ನು ಹೊತ್ತು ತಿರುಗುತ್ತದೆ ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಮನೆಯಲ್ಲ ಬಂಧುಗಳೇ, ಮೈ. ಬೆನ್ನೆಲುಬು, ಪಕ್ಕೆಲುಬು ಎಲ್ಲ ಚಿಪ್ಪಿನೊಳಗೇ ಬೆಸೆದುಕೊಂಡಿವೆ. ಮೇಲೆ ನಮ್ಮ ಉಗುರಿನಂಥ ಪದರ, ಕೆಳಗೆ ಜೀವಂತ ಮೂಳೆ. ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ. ಚಿಪ್ಪಿನ ಮೇಲೆ ಬಣ್ಣ ಬಳಿಯುವುದು, ಅಂಚಿಗೆ ತೂತು ಕೊರೆದು ದಾರ ಕಟ್ಟುವುದು, ಅರಿಶಿನ ಕುಂಕುಮ ಹಚ್ಚುವುದು, ಇವನ್ನೆಲ್ಲ ಜೀವವಿರುವ ಮೈಯ ಮೇಲೆ ಮಾಡುತ್ತಿದ್ದೇವೆ ಅನ್ನುವುದು ಗೊತ್ತಿರಲಿ.

ಮರಿಯ ಚಿಪ್ಪು ಇನ್ನೂ ಬಲಿತಿರುವುದಿಲ್ಲ. ಬಲಿಯಲು ಸುಣ್ಣದ ಅಂಶ ಬೇಕು, ಆ ಸುಣ್ಣದಂಶ ಮೈಗೆ ಹತ್ತಲು ಬಿಸಿಲು ಬೇಕು. ಬಿಸಿಲಿನ ನೇರಳಾತೀತ ಕಿರಣದಿಂದ ಅದರ ಮೈಯಲ್ಲಿ ವಿಟಮಿನ್ ಡಿ ಆಗುತ್ತದೆ, ಅದಿಲ್ಲದೆ ತಿಂದ ಸುಣ್ಣದಂಶ ದಂಡ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಅಂದರೆ ಗಾಜಿನ ಹಿಂದೆ ಡಬ್ಬಿ ಇಟ್ಟು ಬಿಸಿಲು ಕಾಯಿಸಿದೆವು ಅಂದುಕೊಂಡರೆ ಅದಕ್ಕೆ ಸಿಗುವುದು ಬರೀ ಬಿಸಿ. ತಿಂಗಳು ಕಳೆದಂತೆ ಚಿಪ್ಪು ಒತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತವೆ, ಆಮೇಲೆ ನಡೆಯಲೂ ಆಗುವುದಿಲ್ಲ. ಹಾಗಂತ ಸುಡುಬಿಸಿಲಿಗೆ ತಂದಿಟ್ಟು ಮರೆತರೆ ಒಂದೇ ಮಧ್ಯಾಹ್ನಕ್ಕೆ ಸಾಯುತ್ತದೆ. ಅದು ನಮ್ಮ ಹಾಗೆ ಒಳಗಿನಿಂದ ಕಾವು ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ಬಿಸಿಲಿಗೆ ಬಂದು ಕಾಯಿಸಿಕೊಳ್ಳಬೇಕು, ನೆರಳಿಗೆ ಹೋಗಿ ತಣಿಯಬೇಕು. ಎರಡೂ ಕಾಲಳತೆಯಲ್ಲಿ ಇರಬೇಕು, ಯಾವುದು ಯಾವಾಗ ಅನ್ನುವುದನ್ನು ಅದೇ ಆರಿಸಿಕೊಳ್ಳಬೇಕು. ತಣ್ಣಗಿನ ಸಿಮೆಂಟು ನೆಲದ ಮೇಲೆ ಬಿಟ್ಟರೆ ತಿಂದದ್ದೂ ಅರಗುವುದಿಲ್ಲ.

ನೀರಿನ ವಿಚಾರದಲ್ಲಿ ಜನ ಎಡವುವುದು ಹೆಚ್ಚು. ಆಮೆ ಅಂದಕೂಡಲೇ ಬಕೆಟ್ಟಿಗೆ ನೀರು ತುಂಬಿ ಬಿಡುತ್ತಾರೆ. ನಕ್ಷತ್ರ ಆಮೆ ನೆಲದ ಆಮೆ. ಕುರುಚಲು ಕಾಡು, ಹುಲ್ಲುಗಾವಲು, ಬೆದ್ದಲು ಹೊಲದ ಬದು, ಇಂಥ ಒಣಸೀಮೆಯದು. ಅದಕ್ಕೆ ಈಜು ಬಾರದು, ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ. ಆದರೆ ಒಣಸೀಮೆಯದು ಅಂತ ನೀರೇ ಬೇಡವೆಂದಲ್ಲ. ಇವುಗಳ ಮರಿಗಳು ಮೊಟ್ಟೆಯೊಡೆದು ಬರುವುದು ಮಳೆಗಾಲದಲ್ಲಿ, ನೆಲ ತೇವವಾಗಿ ಎಳೆ ಹುಲ್ಲು ಚಿಗುರುವಾಗ. ಅದಕ್ಕೇ ಮರಿಗೆ ತೇವ ಬೇಕು. ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ, ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು, ಅದರ ಗಲ್ಲಕ್ಕಿಂತ ಕೆಳಗಿರುವಷ್ಟೇ. ಅಲ್ಲಿ ಕೂತು ಕುಡಿಯುತ್ತದೆ, ಅಲ್ಲೇ ಹೊಲಸೂ ಮಾಡುತ್ತದೆ. ನೀರು ಚೆಲ್ಲಿ ತಟ್ಟೆ ತೊಳೆದಿಡಬೇಕು, ನಮ್ಮ ಕೈಯನ್ನೂ ಸೋಪು ಹಾಕಿ ತೊಳೆಯಬೇಕು. ಆಮೆಗಳ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು, ಚಿಕ್ಕ ಮಕ್ಕಳಿಗೆ ಅದು ಕೆಟ್ಟದ್ದು.

ಇನ್ನು ಆ ತಾಯಿಯ ಹಾಲನ್ನ. ಪಾಪ, ಮಗುವಿಗೆ ಕೊಡುವುದನ್ನೇ ಕೊಟ್ಟಿದ್ದಾರೆ. ಆದರೆ ಹಾಲು ಅರಗಿಸಿಕೊಳ್ಳುವ ಹೊಟ್ಟೆ ಆಮೆಗೆ ಇಲ್ಲ, ಅನ್ನ ಬ್ರೆಡ್ಡು ಬಿಸ್ಕೀಟು ಯಾವುದೂ ಅದರ ಆಹಾರವಲ್ಲ. ಗರಿಕೆ, ಹೊಲದ ಎಳೆ ಹುಲ್ಲು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಸುಕಳ್ಳಿ. ಔಷಧಿ ಹೊಡೆಯದ್ದು, ಸಣ್ಣಗೆ ಹೆಚ್ಚಿದ್ದು. ಪಾಲಕ್ ಸೊಪ್ಪನ್ನೇ ದಿನವೂ ಹಾಕಬಾರದು, ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಬೇಗ ಬೆಳೆಯಲಿ ಅಂತ ಕಾಳು ಕಡಿ, ನಾಯಿಯ ಆಹಾರ ಹಾಕಿದರೆ ಮೂತ್ರಪಿಂಡಕ್ಕೆ ಪೆಟ್ಟು. ತೇವ ಕಡಿಮೆಯಾದರೆ, ಆಹಾರ ತಪ್ಪಿದರೆ ಚಿಪ್ಪು ಗೋಪುರ ಗೋಪುರವಾಗಿ ಉಬ್ಬಿ ಬೆಳೆಯುತ್ತದೆ. ಆ ಉಬ್ಬು ಆಮೇಲೆ ಇಳಿಯುವುದಿಲ್ಲ, ಎಳೆಯದರಲ್ಲಿ ಆದ ಅನ್ಯಾಯ ಜೀವಮಾನವಿಡೀ ಮೈಮೇಲೆ ನಿಲ್ಲುತ್ತದೆ. ಇದನ್ನು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೆ ಸಾಕುವುದು ಸುಲಭ, ಬೊಗಳುವುದಿಲ್ಲ, ಗಲಾಟೆ ಇಲ್ಲ ಅಂತ ಮಾರುವವರು ಹೇಳುತ್ತಾರೆ. ಕಷ್ಟ ಇರುವುದೇ ಅಲ್ಲಿ. ಅದಕ್ಕೆ ದನಿ ಇಲ್ಲ. ಚಳಿಯಾದರೆ ಕೂಗುವುದಿಲ್ಲ, ಹಸಿವಾದರೆ ಅಳುವುದಿಲ್ಲ. ಮೂಗಿನಲ್ಲಿ ಗುಳ್ಳೆ ಬರುವಾಗ, ಕಣ್ಣು ಊದಿಕೊಂಡು ಮುಚ್ಚುವಾಗ, ಬಾಯಿ ತೆರೆದು ಉಸಿರೆಳೆಯುವಾಗ ನಮಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ರೋಗ ಬಹಳ ದೂರ ಹೋಗಿರುತ್ತದೆ, ಪಶುವೈದ್ಯರ ಬಳಿಗೆ ಓಡಬೇಕು. 1920ರಲ್ಲಿ ಬಾಬಾಸಾಹೇಬರು ಹೊರಡಿಸಿದ ಪತ್ರಿಕೆಯ ಹೆಸರು 'ಮೂಕನಾಯಕ'. ಸುಮ್ಮನಿರುವವರನ್ನು ನೋಡಿ 'ಅವರಿಗೇನೂ ತೊಂದರೆ ಇಲ್ಲ' ಅಂತ ತೀರ್ಮಾನಿಸುವ ಸಮಾಜವನ್ನು ನಾವು ಹೊರಗಿನಿಂದ ಕಂಡವರಲ್ಲ, ಅದರ ಏಟು ತಿಂದವರು. ಮನುಷ್ಯನ ನೋವನ್ನೂ ಆಮೆಯ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ ನಾನು. ಮೌನವನ್ನು ಸಮ್ಮತಿ ಎಂದು ಓದುವ ಅಭ್ಯಾಸ ಒಂದೇ, ಅದು ಎಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳಬೇಕು ಅಂತಷ್ಟೇ.

ಎರಡು ದಿನದಿಂದ ತಲೆ ಹೊರಗೆ ಹಾಕಿಲ್ಲ ಎಂದರಲ್ಲ ಆ ತಾಯಿ. ಸಂಯುತ್ತ ನಿಕಾಯದಲ್ಲಿ ಆಮೆಯ ಹೆಸರಿನದೇ ಒಂದು ಸುತ್ತವಿದೆ, ಕುಮ್ಮ ಸುತ್ತ. ಸಂಜೆಯ ಹೊತ್ತು ಹೊಳೆದಂಡೆಯಲ್ಲಿ ಆಮೆಯೊಂದು ಮೇಯುತ್ತಿದೆ, ನರಿಯೂ ಬೇಟೆಗೆ ಬಂದಿದೆ. ದೂರದಿಂದ ನರಿಯನ್ನು ಕಂಡ ಆಮೆ ನಾಲ್ಕು ಕಾಲು, ಕುತ್ತಿಗೆ ಐದನ್ನೂ ಒಳಗೆಳೆದುಕೊಂಡು ಸುಮ್ಮನೆ ಕೂರುತ್ತದೆ. ಯಾವುದಾದರೂ ಒಂದು ಅಂಗ ಹೊರಗೆ ಬಂದೀತು, ಹಿಡಿದೇನು ಅಂತ ನರಿ ಕಾಯುತ್ತದೆ. ಕಾದು ಕಾದು ಸಾಕಾಗಿ ಹೋಗಿಬಿಡುತ್ತದೆ. ಮಾರನೂ ನಮ್ಮ ಇಂದ್ರಿಯಗಳ ಬಾಗಿಲಲ್ಲಿ ಹೀಗೇ ಕಾಯುತ್ತಾನೆ, ಬಾಗಿಲು ಕಾದುಕೊಳ್ಳಿ ಎಂದು ಭಗವಾನರು ಭಿಕ್ಷುಗಳಿಗೆ ಹೇಳಿದರು. ಇದನ್ನು ಎಷ್ಟೋ ಸಲ ಓದಿದ್ದೇವೆ, ಪ್ರತಿ ಸಲವೂ ನಮ್ಮನ್ನು ಆಮೆಯ ಜಾಗದಲ್ಲಿಟ್ಟುಕೊಂಡೇ ಓದಿದ್ದೇವೆ. ಆ ಮನೆಯಲ್ಲಿ ಮಾತ್ರ ಡಬ್ಬಿಯ ಸುತ್ತ ಕೂತು, ಮೊಬೈಲು ಹಿಡಿದು, ಯಾವಾಗ ತಲೆ ಹೊರಗೆ ಹಾಕುತ್ತದೋ ಅಂತ ಕಾಯುತ್ತಿದ್ದವರು ಮನೆಯವರು. ಪ್ರೀತಿಯಿಂದಲೇ ಕಾಯುತ್ತಿದ್ದರು. ಆ ಮರಿಗೆ ಅದು ಪ್ರೀತಿ ಅಂತ ಹೇಗೆ ಗೊತ್ತಾಗಬೇಕು? ತಾಯಿ ಆಮೆ ನೆಲದಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ, ಮರಳಿ ಬರುವುದಿಲ್ಲ. ಮರಿ ಮೊದಲ ದಿನದಿಂದ ಒಂಟಿಯಾಗಿಯೇ ಬದುಕಲು ತಯಾರಾಗಿ ಬಂದದ್ದು. ಅದಕ್ಕೆ ಮಡಿಲು ಗೊತ್ತಿಲ್ಲ. ಮೇಲಿನಿಂದ ಇಳಿದು ಬರುವ ದೊಡ್ಡ ಕೈ ಅಂದರೆ ಅದಕ್ಕೆ ಹದ್ದು.

ದುಡ್ಡು ನಿಲ್ಲುವ ವಿಚಾರಕ್ಕೆ ಹೆಚ್ಚು ಮಾತು ಬೇಡ. ಕೂರ್ಮಾವತಾರದಿಂದ ಹಿಡಿದು ನೀರಿನ ತಟ್ಟೆಯಲ್ಲಿ ಇಡುವ ಹಿತ್ತಾಳೆ ಆಮೆಯವರೆಗೆ ಎಲ್ಲ ಒಂದೇ ಅಂಗಡಿಯ ಸರಕು. ಅವತಾರವನ್ನು ನಂಬುವುದಿಲ್ಲ ಎಂಬುದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತೆಗೆದುಕೊಂಡ 22 ಪ್ರತಿಜ್ಞೆಗಳಲ್ಲಿ ಒಂದು. ಗೋಡೆಯ ಮೇಲಿನ ಪಟ ಬದಲಾಗಿ ವಾಸ್ತುವಿನ ಆಮೆ ಹಿಂಬಾಗಿಲಿಂದ ಬಂದರೆ ಪ್ರತಿಜ್ಞೆ ಅರ್ಧಕ್ಕೆ ನಿಂತ ಹಾಗೆ. ಅದೇ ಪಟ್ಟಿಯಲ್ಲಿ 13ನೆಯದು ಎಲ್ಲ ಜೀವಿಗಳಲ್ಲಿ ದಯೆಯಿಟ್ಟು ಅವನ್ನು ಕಾಪಾಡುವ ಪ್ರತಿಜ್ಞೆ. ದಯೆಯ ಜೊತೆಗೆ ಕಾಪಾಡುವ ಕೆಲಸವೂ ಅಲ್ಲಿದೆ.

ಈಗ ಕಷ್ಟದ ಭಾಗ. ಮೇಲೆ ಹೇಳಿದ್ದನ್ನೆಲ್ಲ ಒಂದೂ ತಪ್ಪದೆ ಮಾಡಿದರೂ ಈ ಮರಿಯನ್ನು ಇಟ್ಟುಕೊಳ್ಳಬಹುದೇ?

ಆಗದು. ನಕ್ಷತ್ರ ಆಮೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಕಾಯಿದೆ 1972ರದು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇದು ಹುಲಿ ಆನೆಗಳ ಪಟ್ಟಿಗೇ ಸೇರಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ 3 ವರ್ಷಕ್ಕೆ ಕಡಿಮೆ ಇಲ್ಲ, 7 ವರ್ಷದವರೆಗೂ ಆಗಬಹುದು, ಜೊತೆಗೆ ದಂಡ. ಅಂತರರಾಷ್ಟ್ರೀಯ ವ್ಯಾಪಾರವನ್ನೂ ಸೈಟಿಸ್ ಒಪ್ಪಂದದ ದೇಶಗಳು 2019ರಲ್ಲಿ ನಿಷೇಧಿಸಿವೆ.

ಆದರೆ ಕಾಯಿದೆಗೆ ಹೆದರಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಆ ನಕ್ಷತ್ರದ ಗೆರೆಗಳನ್ನೇ ನೋಡಿ. ಒಣಹುಲ್ಲಿನ ನಡುವೆ ಬಿಸಿಲು ನೆರಳು ಬಿದ್ದ ಕಡೆ ಕೂತರೆ ಆ ಗೆರೆಗಳಿಂದ ಆಮೆ ಕಣ್ಣಿಗೇ ಬೀಳುವುದಿಲ್ಲ. ಅಡಗಲು ಬಂದ ಗುರುತು ಅದು. ಅಂಗಡಿಯಲ್ಲಿ ಅದೇ ಗುರುತಿಗೆ ಬೆಲೆ ಕಟ್ಟಿ ಮಾರುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಒಂದೇ ಒಂದು ಕಳ್ಳವ್ಯಾಪಾರದ ನೆಲೆಯಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೋಗುತ್ತವೆ ಎಂದು ಲೆಕ್ಕ ಹಾಕಿತು. ಬಹುಪಾಲು ಮರಿಗಳೇ, ಸಣ್ಣವಲ್ಲವೇ, ಚೀಲದಲ್ಲಿ ಅಡಗಿಸುವುದು ಸುಲಭ. ಬಟ್ಟೆಯಲ್ಲಿ ಬಿಗಿದು, ಟೇಪು ಸುತ್ತಿ, ಸೂಟ್‌ಕೇಸಿನಲ್ಲಿ ಒಂದರ ಮೇಲೊಂದು ಜೋಡಿಸಿ ಸಾಗಿಸುತ್ತಾರೆ. ಹೊಲದ ಬದುವಿನಲ್ಲಿ ಹಿಡಿದುಕೊಡುವ ಬಡವನಿಗೆ ಸಿಗುವುದು ಪುಡಿಗಾಸು, ಸಿಕ್ಕಿಬಿದ್ದರೆ ಮೊದಲು ಜೈಲಿಗೆ ಹೋಗುವವನೂ ಅವನೇ. ಲಾಭ ಮೇಲಿನವನದು. ಈ ಏಣಿಶ್ರೇಣಿಯ ಲೆಕ್ಕಾಚಾರವೂ ನಮಗೆ ಹೊಸದಲ್ಲ.

ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಭಗವಾನರು ಅಂಗುತ್ತರ ನಿಕಾಯದಲ್ಲಿ ಹೆಸರಿಸಿದ್ದಾರೆ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಎರಡನೆಯದನ್ನು ಪಾಳಿಯಲ್ಲಿ ಸತ್ತ ವಣಿಜ್ಜಾ ಎನ್ನುತ್ತಾರೆ. ಇದರೊಳಗೆ ಮನುಷ್ಯರನ್ನು ದಾಸರಾಗಿ ಮಾರುವುದೂ ಬರುತ್ತದೆ, ಪ್ರಾಣಿಗಳ ಮಾರಾಟವೂ ಬರುತ್ತದೆ. ನಾನು ವ್ಯಾಪಾರಿಯಲ್ಲ, ಕೊಂಡವನಷ್ಟೇ ಅನ್ನಬಹುದು. ಕೊಳ್ಳುವವನಿಲ್ಲದೆ ಮಾರುವವನು ಎಲ್ಲಿಂದ ಬರುತ್ತಾನೆ? ಒಂದು ಮರಿ ಮನೆಗೆ ಬಂದರೆ ಅದರ ಖಾಲಿ ಜಾಗಕ್ಕೆ ಇನ್ನೊಂದನ್ನು ಹಿಡಿಯಲು ಯಾರೋ ಹೊಲಕ್ಕೆ ಇಳಿಯುತ್ತಾನೆ.

ಅಶೋಕ ಮಹಾರಾಜ ತನ್ನ ಪಟ್ಟಾಭಿಷೇಕವಾಗಿ 26 ವರ್ಷವಾದಾಗ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನೇ ಕಂಬದ ಮೇಲೆ ಕೆತ್ತಿಸಿದ. ಐದನೇ ಸ್ತಂಭಶಾಸನ. ಗಿಳಿ, ಮೈನಾ, ಬಾವಲಿ, ಮುಳ್ಳುಹಂದಿ, ಅಳಿಲು, ಇವುಗಳ ನಡುವೆ ಆಮೆಯೂ ಇದೆ. ಆ ಕಂಬಗಳು ಉತ್ತರದವು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ತಂದೆತಾಯಿಯ ಮಾತು ಕೇಳುವುದು, ಸತ್ಯ ನುಡಿಯುವುದು, ಇವುಗಳ ಜೊತೆಗೇ ಜೀವಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು ಎಂಬ ಮಾತಿದೆ. ನನಗೆ ಆ ಪಟ್ಟಿ ಇಷ್ಟ, ಯಾಕೆಂದರೆ ರಾಜ 'ಎಲ್ಲ ಪ್ರಾಣಿಗಳು' ಎಂದು ಒಂದೇ ಮಾತಿನಲ್ಲಿ ಮುಗಿಸಿಲ್ಲ. ಒಂದೊಂದನ್ನೂ ಹೆಸರು ಹಿಡಿದು ಕರೆದಿದ್ದಾನೆ.

ಸರಿ, ಮನೆಗೆ ಬಂದಾಗಿದೆ, ಈಗೇನು ಮಾಡುವುದು? ಗಾಬರಿಯಾದ ಜನ ರಾತ್ರೋರಾತ್ರಿ ಕೆರೆಗೋ ಕಲ್ಯಾಣಿಗೋ ಬಿಟ್ಟು ಬರುತ್ತಾರೆ. ನೆಲದ ಆಮೆ, ಮುಳುಗಿ ಸಾಯುತ್ತದೆ. ಊರಾಚೆ ಪೊದೆಗೆ ಬಿಟ್ಟರೂ ಸರಿಯಲ್ಲ. ಎಲ್ಲಿಂದ ಹಿಡಿದದ್ದೋ, ಡಬ್ಬಿಗಳಲ್ಲಿ ಯಾವ ರೋಗ ಅಂಟಿಸಿಕೊಂಡಿದೆಯೋ, ಅಲ್ಲಿರುವ ಆಮೆಗಳಿಗೂ ದಾಟಿಸಬಹುದು. ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಕರ್ನಾಟಕದಲ್ಲಿ ಸಹಾಯವಾಣಿ 1926. ಪರೀಕ್ಷೆ ಮಾಡಿಸಿ, ಚೇತರಿಸಿಕೊಂಡ ಮೇಲೆ ತಕ್ಕ ಜಾಗಕ್ಕೆ ಬಿಡುವ ಕೆಲಸ ಅವರದು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತಂದರು. ಅಷ್ಟು ದೂರ ಹೋದವೇ ಮರಳಿ ಬಂದಿವೆ. ಕರೆ ಮಾಡಿ ಅವರು ಬರುವವರೆಗೆ ಅಗಲವಾದ ಡಬ್ಬಿ, ಅಡಗಲು ಒಂದು ಮರೆ, ತಟ್ಟೆಯ ನೀರು, ಸ್ವಲ್ಪ ಗರಿಕೆ, ಕೈ ಹಾಕದ ನಿಶ್ಶಬ್ದ. ಮಗುಚಿ ಬಿದ್ದಿದ್ದರೆ ಮೆಲ್ಲಗೆ ನೇರ ಮಾಡಿ, ಮರಿಗೆ ಒಮ್ಮೊಮ್ಮೆ ತಾನಾಗಿ ಏಳಲಾಗುವುದಿಲ್ಲ.

ನಮ್ಮ ಜನಕ್ಕೆ ಖಾಕಿ ಕಂಡರೆ ಅಂಜಿಕೆ ಇರುವುದಕ್ಕೆ ಕಾರಣಗಳಿವೆ, ಅದನ್ನು ತಳ್ಳಿಹಾಕುವುದಿಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ಬಳಗದಲ್ಲಿ ವಕೀಲರಿದ್ದಾರೆ. ಆ ತಾಯಿಯ ಜೊತೆಗೂ ಅವರೇ ಹೋದರು. ಮಂಗಳವಾರ ಒಪ್ಪಿಸಿ ಬಂದದ್ದಾಯಿತು.

ಮಗಳು ಬಹಳ ಅತ್ತಳಂತೆ. ಅಳಲಿ. ಅಮ್ಮ ಅವಳಿಗೆ ಸಿದ್ಧಾರ್ಥ ಮತ್ತು ದೇವದತ್ತರ ಕಥೆ ಹೇಳಿದ್ದಾರೆ. ಅವಳು ಕೇಳಿದಳಂತೆ: "ಕಾಪಾಡಿದವರಿಗೇ ಹಕ್ಕಿ ಸೇರಬೇಕಲ್ಲ, ನಾನು ಕಾಪಾಡುತ್ತಿದ್ದೆನಲ್ಲ, ನನಗೇ ಯಾಕೆ ಇಲ್ಲ?" ಒಳ್ಳೆಯ ಪ್ರಶ್ನೆ. ಇದಕ್ಕೆ ನನಗೆ ಹೊಳೆಯುವುದು ಇಷ್ಟು. ಆ ಹಕ್ಕಿಯ ಮೈಯಲ್ಲಿ ಇದ್ದದ್ದು ಬಾಣ, ಅದನ್ನು ತೆಗೆಯುವುದು ಕಾಪಾಡುವುದಾಗಿತ್ತು. ಈ ಮರಿಯ ವಿಷಯದಲ್ಲಿ ಬಾಣವೆಂದರೆ ಅದನ್ನು ಹೊಲದಿಂದ ಎತ್ತಿ ತಂದದ್ದೇ. ಅದನ್ನು ಕೀಳಬೇಕಾದರೆ ಮರಿಯನ್ನು ಕೈಬಿಡಬೇಕು. ಹತ್ತು ವರ್ಷದ ಹುಡುಗಿ ಅದನ್ನು ಮಾಡಿದ್ದಾಳೆ. ಆ ಮಂಗಳವಾರದ ಮಟ್ಟಿಗೆ ಆಮೆಮರಿ ಅವಳದೇ ಎಂದು ಪಂಚಾಯಿತಿ ಕೂತರೆ ನಾನು ಹೇಳುತ್ತೇನೆ.

ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ಒಂದು ವ್ಯತ್ಯಾಸ ಮಾಡುತ್ತಾರೆ, ಅದೇ ಗ್ರಂಥದಲ್ಲಿ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಭಗವಾನರು ಅಲ್ಲಿಗೆ ನಿಲ್ಲದೆ ಮುಂದೆ ಹೋಗಿ ಕಲಿಸಿದ್ದು ಮೈತ್ರಿ, ಅದು ಜೀವವಿರುವ ಎಲ್ಲದರ ಮೇಲಿನ ಪ್ರೀತಿ. ಮನುಷ್ಯನಿಗೆ ತೋರಿದ ಪ್ರೀತಿಗೆ ಒಂದು ನಗುವಾದರೂ ಮರಳಿ ಬರುತ್ತದೆ. ಆಮೆ ನಮ್ಮನ್ನು ಗುರುತಿಟ್ಟು ಓಡಿಬಂದು ಬಾಲ ಅಲ್ಲಾಡಿಸುವುದಿಲ್ಲ. ಹಲವು ದಶಕ ಬದುಕುವ ಜೀವ, ನಮಗಿಂತ ಹೆಚ್ಚೂ ಬದುಕಬಹುದು, ನಮ್ಮನ್ನು ನೆನೆಯಬೇಕಾದ ಯಾವ ಋಣವೂ ಅದಕ್ಕಿಲ್ಲ. ಮರಳಿ ಏನೂ ಬಾರದ ಕಡೆ ಪ್ರೀತಿ ನಿಲ್ಲುತ್ತದೋ ಇಲ್ಲವೋ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮಾತು ಬಾಕಿ ಇದೆ. ನಿಮ್ಮಲ್ಲಿ ಕೆಲವರ ಮನೆಯ ಗಾಜಿನ ತೊಟ್ಟಿಯಲ್ಲಿ ಇರುವುದು ಹಸಿರು ಮೈಯ, ಕಣ್ಣಿನ ಹಿಂದೆ ಕೆಂಪು ಪಟ್ಟೆಯ ಆಮೆ. ಅದು ಬೇರೆ. ಅಮೆರಿಕದ ದಕ್ಷಿಣ ಭಾಗ, ಮೆಕ್ಸಿಕೋ ಕಡೆಯ ನೀರಾಮೆ. ನಾಣ್ಯದಷ್ಟಿದ್ದದ್ದು ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಇರುತ್ತದೆ. ದೊಡ್ಡದಾಯಿತು ಅಂತ ಕೆರೆಗೆ ಬಿಡಬೇಡಿ, ನಮ್ಮ ಕೆರೆಗಳ ಆಮೆಗಳ ಅನ್ನ, ಜಾಗ ಎರಡನ್ನೂ ಕಸಿಯುತ್ತದೆ. ಜಗತ್ತಿನ ಅತಿ ಕೆಟ್ಟ 100 ಅತಿಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಒಂದು. ಅದರ ತಪ್ಪೇನಿಲ್ಲ, ತಂದವರ ತಪ್ಪು. ಅದಕ್ಕೆ ದೊಡ್ಡ ತೊಟ್ಟಿ, ಶುದ್ಧ ನೀರು, ಮೇಲೆ ಹತ್ತಿ ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ನೇರ ಬಿಸಿಲು ಕೊಟ್ಟು ಕೊನೆಯವರೆಗೂ ನೋಡಿಕೊಳ್ಳಿ. ಕೆಲವು ಬೌದ್ಧ ದೇಶಗಳಲ್ಲಿ ಪುಣ್ಯಕ್ಕೆಂದು ಆಮೆ, ಹಕ್ಕಿಗಳನ್ನು ಕೊಂಡು ಬಿಡುಗಡೆ ಮಾಡುವ ರೂಢಿ ಇದೆ. ಬಿಡುವವರಿಗಾಗಿ ಹಿಡಿಯುವವರು ಹುಟ್ಟಿಕೊಂಡಿದ್ದಾರೆ. ಬೌದ್ಧರು ಮಾಡುತ್ತಾರೆ ಅಂತ ನಾವು ಅದನ್ನು ತಂದುಕೊಳ್ಳುವುದು ಬೇಡ.

ಬರುವ ಭಾನುವಾರದ ಓದು ಮೈತ್ರಿಯ ಅದೇ ಭಾಗ. ಮಕ್ಕಳನ್ನೂ ಕರೆತನ್ನಿ. ಆ ಹುಡುಗಿ ತನ್ನ ಪ್ರಶ್ನೆಯನ್ನು ಎಲ್ಲರ ಮುಂದೆ ತಾನೇ ಕೇಳುತ್ತಾಳಂತೆ. ನನ್ನ ಉತ್ತರ ಅವಳಿಗೆ ಒಪ್ಪಿಗೆಯಾಗಿಲ್ಲ ಅಂತ ಸುದ್ದಿ ಬಂದಿದೆ, ನಿಮ್ಮದನ್ನು ಯೋಚಿಸಿಕೊಂಡು ಬನ್ನಿ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ನಕ್ಷತ್ರ ಆಮೆ ಇದ್ದರೆ ಗುಂಪಿನಲ್ಲಿ ಫೋಟೋ ಹಾಕಬೇಡಿ, ನಮಗೆ ನೇರ ಕರೆ ಮಾಡಿ.

ಭವತು ಸಬ್ಬ ಮಂಗಲಂ
ಜೈಭೀಮ್ 🙏 ನಮೋ ಬುದ್ಧಾಯ